ಜಾಕಿಗಳ ತೂಕ, ಊಟ, ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಮುಂಚೆ ನಾನು ಜಾಕಿ, ಅಂದರೆ ರೇಸಿನಲ್ಲಿ ಕುದುರೆ ಓಡಿಸುವವನು. 16ನೇ ವಯಸ್ಸಿಗೆ ರೇಸ್ ಕುದುರೆಗಳ ಲಾಯ ಸೇರಿದೆ, 23ಕ್ಕೆ ಬಿಟ್ಟು ಬಂದೆ. ಆ ಏಳು ವರ್ಷದಲ್ಲಿ ಕುದುರೆಗಿಂತ ಜಾಸ್ತಿ ನೋಡಿದ್ದು ತೂಕದ ಮಷೀನನ್ನೇ. ಈಗ ಕಲಬುರಗಿಯಲ್ಲಿ ಸಣ್ಣದೊಂದು ಜಿಮ್ ಇಟ್ಟುಕೊಂಡಿದ್ದೇನೆ. ಜಿಮ್‌ಗೆ ಬರುವ ಹುಡುಗರು, ಅವರ ಅಪ್ಪಂದಿರು, ಯಾದಗಿರಿ, ಬೀದರ್ ಕಡೆಯಿಂದ ಫೋನ್ ಮಾಡುವವರು ಸುತ್ತಿ ಬಳಸಿ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರು ಕೇಳಿದ ಮಾತಲ್ಲೇ ಇವೆ. ನಾನು ಡಾಕ್ಟರ್ ಅಲ್ಲ. ದೇಹದ ವಿಷಯ ಬರೆದಿದ್ದನ್ನೆಲ್ಲ ಪರಿಚಯದ ಡಯೆಟಿಷಿಯನ್ ಒಬ್ಬರಿಗೆ ಓದಿಸಿ, ಅವರು ಬೈದ ಕಡೆ ತಿದ್ದಿದ್ದೇನೆ.

## ಮೊದಲು ಬರುವ ಪ್ರಶ್ನೆಗಳು

ನಮ್ ಕಡಿ ರೇಸ್ ಎಲ್ಲಿ ಅದ? ಇಲ್ಲಿನ ಹುಡುಗರು ಯಾಕ ಜಾಕಿ ಆಗ್ಲಾಕ ಹೋಗ್ತಾರ?

ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ರೇಸ್‌ಕೋರ್ಸ್ ಇಲ್ಲ. ನಮಗೆ ಹತ್ತಿರದ್ದು ಹೈದರಾಬಾದಿನ ಮಲಕ್‌ಪೇಟೆ. ಬೀದರಿನಿಂದ ಸುಮಾರು 150 ಕಿ.ಮೀ., ಕಲಬುರಗಿಯಿಂದ 220ರ ಹತ್ತಿರ. ಆಮೇಲೆ ಬೆಂಗಳೂರು, ಮೈಸೂರು, ಪುಣೆ, ಮುಂಬೈ. ಹುಡುಗರು ಹೋಗೋದು ಸಾಮಾನ್ಯವಾಗಿ ಸೈಸ್ ಕೆಲಸಕ್ಕೆ, ಅಂದರೆ ಕುದುರೆ ಮೈ ತಿಕ್ಕಿ, ಮೇವು ಹಾಕಿ, ಲಾಯ ಗುಡಿಸೋದಕ್ಕೆ. ಸಣ್ಣ ಮೈ ಇದ್ದು ಹೆದರಿಕೆ ಇಲ್ಲದಿದ್ದರೆ ಬೆಳಗಿನ ಓಟಕ್ಕೆ ಹತ್ತಿಸುತ್ತಾರೆ. ಅಲ್ಲಿಂದ ಆಸೆ ಶುರು.

ಕುದುರೆ ಮಾತ್ರ ನಮಗೆ ಹೊಸದಲ್ಲ. 15ನೇ ಶತಮಾನದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್, ಆಳಂದದ ಜಾತ್ರೆಗೆ 20 ಸಾವಿರ ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಬರೆದಿದ್ದಾನೆ. ನಮ್ಮೂರ ಹತ್ತಿರದ ಆಳಂದವೇ ಅದು. ಲಾಯದಲ್ಲಿ ಬೇರೆ ಊರಿನ ಹುಡುಗರು ಆಡಿಕೊಂಡಾಗ ನಾನು ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಜಾಕಿ ಆಗ್ಬೇಕಂದ್ರ ಎಷ್ಟು ಕೆ.ಜಿ. ಇರ್ಬೇಕ್ರಿ?

ಇಷ್ಟೇ ಇರಬೇಕು ಅಂತ ಒಂದು ನಂಬರ್ ಇಲ್ಲ. ತೂಕ ಗೊತ್ತು ಮಾಡೋದು ಜಾಕಿಗಲ್ಲ, ಕುದುರೆಗೆ. ಈ ಓಟದಲ್ಲಿ ಈ ಕುದುರೆ ಇಷ್ಟು ಹೊರಬೇಕು ಅಂತ ಮೊದಲೇ ಬರೆದಿರುತ್ತಾರೆ. ನಮ್ಮ ದೇಶದಲ್ಲಿ ಸಾಮಾನ್ಯ ಓಟಗಳಲ್ಲಿ ಅದು 50ರಿಂದ 60 ಕೆ.ಜಿ. ಆಸುಪಾಸು ಬರುತ್ತದೆ. ಡರ್ಬಿಯಂಥ ದೊಡ್ಡ ಓಟದಲ್ಲಿ ಗಂಡು ಕುದುರೆಗೆ 57. ಅಮೆರಿಕದ ಕೆಂಟಕಿ ಡರ್ಬಿಯಲ್ಲೂ 126 ಪೌಂಡ್, ಅಂದರೆ ಅದೇ 57.

ಇದರಲ್ಲಿ ಜಾಕಿಯ ಮೈ, ಬಟ್ಟೆ, ಬೂಟು, ಜೀನು ಎಲ್ಲ ಸೇರಿತು. ಹಾಗಾಗಿ 52 ಅಂತ ಬರೆದಿದ್ದರೆ ಹುಡುಗನ ಬರೀ ಮೈ 51ರ ಒಳಗೇ ಇರಬೇಕು. 50, 51ಕ್ಕೆ ಆರಾಮಾಗಿ ಕೂರುವವನಿಗೆ ಕೆಲಸ ಜಾಸ್ತಿ ಸಿಗುತ್ತದೆ. 56ಕ್ಕಿಂತ ಕೆಳಗೆ ಬರಲಾಗದವನಿಗೆ ಜಾಸ್ತಿ ಭಾರ ಹೊರುವ ಒಳ್ಳೆಯ ಕುದುರೆಗಳಷ್ಟೇ ಗತಿ, ಒಳ್ಳೆಯ ಕುದುರೆಗಳನ್ನು ಹೊಸಬರಿಗೆ ಯಾರೂ ಕೊಡೋದಿಲ್ಲ. ಎತ್ತರಕ್ಕೆ ನಿಯಮ ಇಲ್ಲ. ಇಂಗ್ಲೆಂಡಿನ ಲೆಸ್ಟರ್ ಪಿಗಟ್ 5 ಅಡಿ 8 ಇಂಚು ಇದ್ದರು, ಎಪ್ಸಮ್ ಡರ್ಬಿಯನ್ನು 9 ಸಲ ಗೆದ್ದರು. ಆದರೆ ಆ ಎತ್ತರಕ್ಕೆ 53 ಕೆ.ಜಿ. ಆಸುಪಾಸು ಉಳಿಯೋಕೆ ಜೀವನವಿಡೀ ಅರೆಹೊಟ್ಟೆ ಇದ್ದರು. ಎತ್ತರದ ಹುಡುಗರು ಪಿಗಟ್ ಹೆಸರು ಹೇಳಿಕೊಂಡು ಬರುತ್ತಾರೆ. ಅರೆಹೊಟ್ಟೆಯ ಮಾತು ಬಂದರೆ ಸುಮ್ಮನಾಗುತ್ತಾರೆ.

ಓಡೋದು ಕುದುರೆ. 450 ಕೆ.ಜಿ. ಪ್ರಾಣಿಗೆ ಒಂದೆರಡು ಕೆ.ಜಿ. ಏನ್ ಲೆಕ್ಕ?

ಓಟಗಳು ಮೂಗಿನಷ್ಟು ಅಂತರದಲ್ಲಿ ಮುಗಿಯುತ್ತವೆ, ಅಲ್ವಾ? ಒಂದು ಮೈಲಿ ಓಟದಲ್ಲಿ ಸುಮಾರು ಒಂದೂವರೆ ಕೆ.ಜಿ. ಅಂದರೆ ಒಂದು ಕುದುರೆ ಉದ್ದದ ವ್ಯತ್ಯಾಸ ಅಂತ ರೇಸಿನವರು ಲೆಕ್ಕ ಹಿಡಿಯುತ್ತಾರೆ. ಜೋರಾದ ಕುದುರೆಗೆ ಭಾರ ಜಾಸ್ತಿ, ನಿಧಾನದ್ದಕ್ಕೆ ಕಡಿಮೆ. ಎಲ್ಲರೂ ಗೆರೆ ಹತ್ತಿರ ಒಟ್ಟಿಗೆ ಬರಲಿ ಅಂತ ಈ ಏರ್ಪಾಡು. ಜಾಕಿ ಹಗುರ ಇದ್ದರೆ ಜೀನಿನ ಬಟ್ಟೆಯ ಜೇಬಲ್ಲಿ ಸೀಸದ ತುಂಡು ಹಾಕಿ ಸರಿ ಮಾಡುತ್ತಾರೆ. ಭಾರ ಇದ್ದರೆ ತೆಗೆಯೋಕೆ ಅವನ ಮೈಯೊಂದೇ ಉಳಿಯುತ್ತದೆ.

ತೂಕ ಹ್ಯಾಂಗ ನೋಡ್ತಾರ? ಕಳ್ಳಾಟ ಮಾಡ್ಲಾಕ ಆಗಲ್ಲೇನು?

ಓಟದ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ. ಜೀನನ್ನು ಮಗುವಿನಂತೆ ಎದೆಗವಚಿಕೊಂಡು ಮಷೀನಿನ ಮೇಲೆ ಕೂರಬೇಕು. ಪಕ್ಕದಲ್ಲಿ ಅಧಿಕಾರಿ ಬರೆದುಕೊಳ್ಳುತ್ತಾರೆ. ಹೆಲ್ಮೆಟ್, ಚಾಟಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಗೆದ್ದ ಮತ್ತು ಸ್ಥಾನ ಪಡೆದ ಕುದುರೆಗಳ ಜಾಕಿಗಳು ವಾಪಸ್ ಬಂದು ಮತ್ತೆ ಕೂರಬೇಕು. ಮುಂಚಿನದಕ್ಕಿಂತ ಕಡಿಮೆ ಬಂದರೆ ಗೆದ್ದ ಓಟವೂ ಹೋಯಿತು.

ಹುಡುಗರು ಬೂಟು ಬದಲಾಯಿಸುತ್ತಾರೆ, ತೆಳ್ಳನೆ ಜೀನು ಸಾಲ ತರುತ್ತಾರೆ. ಅರ್ಧ ಕೆ.ಜಿ.ಯಷ್ಟು ಹಗುರದ ಜೀನೂ ಇದೆ. ಕೂತರೆ ಕಾಗದದ ಮೇಲೆ ಕೂತ ಹಾಗೆ. ಆದರೆ ಅದೆಲ್ಲ ಗ್ರಾಂ ಲೆಕ್ಕದ ಆಟ.

ಸುಮ್ನೆ ಕುದುರೆ ಮ್ಯಾಲ ಕೂಡೋದಕ್ಕ ಶಕ್ತಿ ಯಾಕ ಬೇಕು?

ಕೂರೋದೇ ಇಲ್ಲ, ಅದೇ ಇಲ್ಲಿನ ಗುಟ್ಟು. ರಿಕಾಪಿನ, ಅಂದರೆ ಜೀನಿಗೆ ನೇತುಹಾಕಿದ ಕಾಲಿಡುವ ಬಳೆಯ ಮೇಲೆ ಅಂಗಾಲಿನ ಮುಂಭಾಗ ಊರಿ, ಮಂಡಿ ಮಡಚಿ, ಬೆನ್ನು ನೆಲಕ್ಕೆ ಸಮ ಇಟ್ಟುಕೊಂಡು ತೂಗಾಡಬೇಕು. ಅಮೆರಿಕದ ಟಾಡ್ ಸ್ಲೋನ್ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ ಹೀಗೆ ಸವಾರಿ ಮಾಡಿದಾಗ ಕೋಲಿನ ಮೇಲಿನ ಮಂಗ ಅಂತ ನಕ್ಕರಂತೆ. ಆಮೇಲೆ ಎಲ್ಲರೂ ಅದನ್ನೇ ಕಲಿತರು.

ನಂಬಿಕೆ ಇಲ್ಲದಿದ್ದರೆ ಗೋಡೆಗೆ ಒರಗದೆ ಅರ್ಧ ಬಸ್ಕಿಯಲ್ಲಿ ಎರಡು ನಿಮಿಷ ನಿಂತು ನೋಡಿ. ಆಮೇಲೆ ಅದನ್ನೇ 60 ಕಿ.ಮೀ. ವೇಗದಲ್ಲಿ, ನಿಮ್ಮ ಮಾತು ಕೇಳದ ಪ್ರಾಣಿಯ ಮೇಲೆ, ಆಚೀಚೆ ಹತ್ತು ಕುದುರೆ ಇಟ್ಟುಕೊಂಡು ಮಾಡಬೇಕು ಅಂತ ಯೋಚಿಸಿ.

## ತೂಕ ಇಳಿಸುವ ವಿಷಯ

ಒಂದೇ ದಿನದಾಗ ಎರಡು ಕೆ.ಜಿ. ಇಳೀತದ ಅಂತಾರ, ಖರೇ ಏನ್ರಿ?

ಖರೆ. ಆದರೆ ಇಳಿಯೋದು ಕೊಬ್ಬಲ್ಲ, ನೀರು. ಒಂದು ಲೀಟರ್ ಬೆವರು ಅಂದರೆ ಒಂದು ಕೆ.ಜಿ. ಮಷೀನಿಗೆ ತೂಕ ಮಾತ್ರ ಗೊತ್ತಾಗುತ್ತದೆ, ಎಲ್ಲಿಂದ ಹೋಯಿತು ಅಂತ ಗೊತ್ತಾಗೋದಿಲ್ಲ.

ನನ್ನದೇ ಹೇಳುತ್ತೇನೆ. ಏಪ್ರಿಲ್ ತಿಂಗಳು. ಗುರುವಾರ ಸಂಜೆ 54.5 ಇದ್ದೆ. ಶನಿವಾರ ಮಧ್ಯಾಹ್ನ ಜೀನು ಸೇರಿ 52ಕ್ಕೆ ಕೂರಬೇಕು. ಎರಡು ಸ್ವೆಟರ್, ಮೇಲೆ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಓಡಿದೆ. ಶುಕ್ರವಾರ ಅರ್ಧ ಸೇಬು ತಿಂದೆ, ನೀರಿಗೆ ಬಾಯಿ ಒದ್ದೆ ಮಾಡಿ ಉಗುಳಿದೆ. ರಾತ್ರಿ ನಿದ್ದೆ ಇಲ್ಲ, ಬರೀ ನಲ್ಲಿ ನೀರಿನ ಸದ್ದು ಕೇಳಿಸುತ್ತಿತ್ತು. ಶನಿವಾರ ಮಷೀನು ಸರಿಯಾಗಿ 52 ತೋರಿಸಿತು. ಎಲ್ಲರೂ ಬೆನ್ನು ತಟ್ಟಿದರು. ಓಟ 1400 ಮೀಟರ್. ಕೊನೆಯ 400 ಮೀಟರ್ ಕಂಬ ಬಂದಾಗ ಲಗಾಮಿನ ಮೇಲೆ ಬೆರಳು ಮಡಚುತ್ತಿಲ್ಲ. ಬೆರಳು ನನ್ನವೇ, ಮಾತು ಕೇಳುತ್ತಿಲ್ಲ. ಪಕ್ಕದ ಕುದುರೆ ಒಳಗೆ ನುಗ್ಗಿದ್ದು ಕಂಡಿತು, ಆದರೆ ಏನು ಮಾಡಬೇಕು ಅಂತ ತಲೆಗೆ ಹೊಳೆಯೋಷ್ಟರಲ್ಲಿ ಅದು ಹೋಗಿಯಾಗಿತ್ತು. ಏಳನೆಯವನಾಗಿ ಬಂದೆ. ಇಳಿಯುವಾಗ ಕಾಲು ಮಡಚಿಕೊಂಡಿತು, ಸೈಸ್ ಹಿಡಿಯದಿದ್ದರೆ ಕುದುರೆಯ ಕಾಲಡಿಗೇ ಬೀಳುತ್ತಿದ್ದೆ. ನಾಲ್ಕು ಲೋಟ ನೀರು ಕುಡಿದು ನಾಲ್ಕನ್ನೂ ವಾಂತಿ ಮಾಡಿದೆ. ಭಾನುವಾರ ಸಂಜೆ ತೂಕ ನೋಡಿಕೊಂಡರೆ 54. ಟ್ರೈನರ್ ಕೇಳಿದ್ದು ಒಂದೇ ಮಾತು: ಮುಂದಿನ ವಾರ 51ಕ್ಕೆ ಬರ್ತೀಯಾ?

ಒಳಗೆ ಆಗೋದು ಇಷ್ಟು. ಮೈಯ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಹೋದರೇ, ಅಂದರೆ 52 ಕೆ.ಜಿ. ಹುಡುಗನಿಗೆ ಬರೀ ಒಂದು ಲೀಟರ್, ರಕ್ತದ ಪ್ರಮಾಣ ಇಳಿಯುತ್ತದೆ. ಅದೇ ಕೆಲಸಕ್ಕೆ ಎದೆ ಜೋರಾಗಿ ಬಡಿಯಬೇಕಾಗುತ್ತದೆ. ಬೆವರು ಆರಿಸಿ ಮೈ ತಣ್ಣಗೆ ಮಾಡಿಕೊಳ್ಳೋಕೆ ನೀರು ಸಾಲೋದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ ಸ್ನಾಯು ಹಿಡಿದುಕೊಳ್ಳುತ್ತದೆ. ಯೋಚನೆ ನಿಧಾನವಾಗುತ್ತದೆ. ಓಟ ಮುಗಿಯುವ ತನಕ ಇದು ಯಾರಿಗೂ ಕಾಣೋದಿಲ್ಲ.

ತೂಕ ನೋಡಿದ ಮ್ಯಾಲ ಗಟಗಟ ನೀರ್ ಕುಡಿದ್ರ ಸರಿ ಹೋಗ್ತದಲ್ಲ?

ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಅಷ್ಟು ಬೇಗ ಹೋಗೋದಿಲ್ಲ. ಕಳೆದುಕೊಂಡ ಒಂದು ಕೆ.ಜಿ.ಗೆ ಸುಮಾರು ಒಂದೂವರೆ ಲೀಟರ್ ಬೇಕು, ಅದೂ ಉಪ್ಪಿನ ಜೊತೆ, ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಓಆರ್‌ಎಸ್ ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಇಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ. ಜಾಕಿಗೆ ಕಷ್ಟ ಏನಂದರೆ ಓಟ ಆದಮೇಲೂ ತೂಕ ನೋಡುತ್ತಾರೆ, ಅದೇ ದಿನ ಇನ್ನೂ ಎರಡು ಓಟ ಇರಬಹುದು. ಕುಡಿಯೋಕೆ ಹೆದರುತ್ತಾನೆ.

ಸೌನಾ ಯಾಕ ಬೇಕು ಅಣ್ಣಾ, ನಮ್ ಕಲಬುರಗಿ ಬಿಸಿಲೇ ಸಾಕಲ್ಲ?

ಈ ಜೋಕ್ ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ, ಪ್ರತಿ ಸಲ ನಗು ಬರುತ್ತದೆ, ಆಮೇಲೆ ಭಯವೂ ಆಗುತ್ತದೆ. ಯಾಕಂದರೆ ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವಾಗ ಜಾಕೆಟ್ ಹಾಕಿಕೊಂಡು ಅಪ್ಪನ ಕೆರೆ ಸುತ್ತ ಓಡುವ ಹುಡುಗರನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬನನ್ನು ನಿಲ್ಲಿಸಿ ಕೇಳಿದರೆ ಮಾತು ತೊದಲುತ್ತಿದ್ದ. ಮೈ ಮುಟ್ಟಿದರೆ ತವದ ಹಾಗೆ. ಅದು ದಣಿವಲ್ಲ, ಹೀಟ್ ಸ್ಟ್ರೋಕಿನ ಬಾಗಿಲು. ಮೈ ಬಿಸಿ 40 ಡಿಗ್ರಿ ದಾಟಿ ಮಾತು, ನಡಿಗೆ ತಪ್ಪಿದರೆ ಕೂಡಲೇ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

ಇಂಗ್ಲೆಂಡಿನಲ್ಲಿ ರೇಸ್‌ಕೋರ್ಸ್‌ಗಳಲ್ಲೇ ಜಾಕಿಗಳಿಗೆ ಸೌನಾ ಕೋಣೆ ಇರುತ್ತಿತ್ತು. ಕೋವಿಡ್ ಹೊತ್ತಲ್ಲಿ ಮುಚ್ಚಿದರು, 2021ರಲ್ಲಿ ಕಾಯಂ ತೆಗೆದೇ ಬಿಟ್ಟರು. ಅಮೆರಿಕದಲ್ಲಿ ಬೆವರಿಳಿಸೋಕೆ ಬಿಸಿ ಪೆಟ್ಟಿಗೆ ಬಳಸುತ್ತಿದ್ದರು. 1983ರಲ್ಲಿ ರ‍್ಯಾಂಡಿ ರೊಮೆರೊ ಅನ್ನುವ ದೊಡ್ಡ ಜಾಕಿ ಅಂಥ ಪೆಟ್ಟಿಗೆಯಲ್ಲಿ ಕೂತಿದ್ದಾಗ ಬೆಂಕಿ ಹತ್ತಿ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟಿತು. ಬದುಕಿದರು, ಮತ್ತೆ ಸವಾರಿಯನ್ನೂ ಮಾಡಿದರು. ಮುಂದೆ ಕಿಡ್ನಿ ಕೈಕೊಟ್ಟು ವರ್ಷಗಟ್ಟಲೆ ನರಳಿ 2019ರಲ್ಲಿ ತೀರಿಕೊಂಡರು.

ಮೂತ್ರ ಜಾಸ್ತಿ ಹೋಗೋ ಮಾತ್ರೆ, ಭೇದಿ ಮಾತ್ರೆ ತಗೊಂಡ್ರೆ?

ಬೇಡ. ಮೂತ್ರದ ಮಾತ್ರೆ ಪೊಟ್ಯಾಸಿಯಂ ಕರಗಿಸುತ್ತದೆ, ಹೃದಯದ ಬಡಿತ ತಪ್ಪುವುದು ಅದರಿಂದಲೇ. ಬಿಪಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಡಾಕ್ಟರ್ ಬರೆದುಕೊಡುವ ಔಷಧಿ ಅದು, ಅಜ್ಜನ ಡಬ್ಬಿಯಿಂದ ಕದ್ದು ನುಂಗುವುದಲ್ಲ. ಜೊತೆಗೆ ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆಯ ನಿಷೇಧದ ಪಟ್ಟಿಯಲ್ಲೂ ಇದೆ. ಭೇದಿ ಮಾತ್ರೆಯಿಂದ ಹೋಗೋದೂ ನೀರೇ. ಊಟದ ಕ್ಯಾಲರಿ ಅಷ್ಟೊತ್ತಿಗೆ ಮೈಗೆ ಹಿಡಿದಾಗಿರುತ್ತದೆ.

ತಿಂದು ವಾಂತಿ ಮಾಡೋರನ್ನ ನೋಡೀನಿ. ಅದು ರೋಗ ಏನು, ಚಟ ಏನು?

ಮೊದಲು ಉಪಾಯದ ಹಾಗೆ ಕಾಣುತ್ತದೆ, ಆಮೇಲೆ ಬಿಡೋಕಾಗೋದಿಲ್ಲ. ಅದು ರೋಗ, ಚಿಕಿತ್ಸೆಯೂ ಇದೆ. ಹಲ್ಲಿನ ಮೇಲ್ಪದರ ಆಸಿಡ್‌ಗೆ ಕರಗುತ್ತದೆ, ಕೆನ್ನೆ ಕೆಳಗಿನ ಗ್ರಂಥಿ ಊದುತ್ತದೆ, ಗಂಟಲು ಹರಿಯುತ್ತದೆ. ಗೆಳೆಯ ಊಟ ಆದ ಕೂಡಲೇ ದಿನಾ ಮಾಯ ಆಗುತ್ತಿದ್ದರೆ ನಾಲ್ಕು ಜನರ ಮುಂದೆ ಕೇಳಬೇಡಿ, ಒಬ್ಬನೇ ಸಿಕ್ಕಾಗ ಕೇಳಿ.

ರೊಟ್ಟಿ ಬಿಟ್ರ ತೂಕ ಇಳೀತದಂತ ಹೇಳ್ತಾರ. ಬಿಡ್ಬೇಕೇನು?

ಜೋಳದ ರೊಟ್ಟಿ ಬಿಟ್ಟು ಬ್ರೆಡ್ ತಿನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ, 5 ಗ್ರಾಂ ಪ್ರೋಟೀನ್, ಅಷ್ಟೇ ನಾರು. ಹೊಟ್ಟೆ ತುಂಬಿದ ಹಾಗಿರುತ್ತದೆ, ಹಸಿವು ತಡವಾಗಿ ಬರುತ್ತದೆ.

ಬಿಟ್ಟ ಮೊದಲ ಮೂರು ದಿನ ಒಂದೂವರೆ ಕೆ.ಜಿ. ಇಳಿಯೋದು ನಿಜ. ಅದಕ್ಕೊಂದು ಲೆಕ್ಕ ಇದೆ. ಸ್ನಾಯುಗಳಲ್ಲಿ, ಲಿವರಿನಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಸುಮಾರು 400, 500 ಗ್ರಾಂ. ಒಂದು ಗ್ರಾಂ ಗ್ಲೈಕೋಜನ್ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ರೊಟ್ಟಿ, ಅನ್ನ ಬಿಟ್ಟರೆ ದಾಸ್ತಾನು ಖಾಲಿ, ನೀರೂ ಖಾಲಿ. ಆದರೆ ಓಟದ ಕೊನೆಯ 400 ಮೀಟರಿಗೆ ಬೇಕಾದದ್ದೂ ಅದೇ ದಾಸ್ತಾನು.

ನಮ್ಮ ಊಟದಲ್ಲಿ ಕಳ್ಳ ರೊಟ್ಟಿಯಲ್ಲ, ರೊಟ್ಟಿಯ ಪಕ್ಕದಲ್ಲಿ ಕೂತಿರುವುದು. ಒಂದು ಮುಷ್ಟಿ ಶೇಂಗಾ, 30 ಗ್ರಾಂ, ಒಂದು ರೊಟ್ಟಿಯಷ್ಟೇ ಕ್ಯಾಲರಿ. ಶೇಂಗಾ ಹಿಂಡಿ ಮೇಲೆ ಎಣ್ಣೆ ಹಾಕಿಕೊಂಡರೆ ಇನ್ನೂ ಜಾಸ್ತಿ. ಶೇಂಗಾ ಕೆಟ್ಟದ್ದಲ್ಲ, ಆದರೆ ಚಮಚದಲ್ಲಿ ಹಾಕಿಕೊಳ್ಳಿ, ಮುಷ್ಟಿಯಲ್ಲಿ ಬೇಡ. ಪನಾಮಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಸವಾರಿ ಮಾಡಿದ ಜಾಕಿ ಲಾಫಿಟ್ ಪಿಂಕೈ, 9,530 ಓಟ ಗೆದ್ದವರು, ವಿಮಾನದಲ್ಲಿ ಒಂದು ಶೇಂಗಾ ಬೀಜ ಒಡೆದು ಅರ್ಧ ತಿಂದು, ಉಳಿದರ್ಧ ಆಮೇಲೆ ತಿಂದರು ಅನ್ನುವ ಕಥೆ ರೇಸಿನವರೆಲ್ಲ ಹೇಳುತ್ತಾರೆ. ಕೇಳುವವರು ಭಲೇ ಅನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಂಗಾದ್ರ ದಿನಕ್ಕ ಏನ್ ತಿನ್ಬೇಕು? ನಮ್ ಮನ್ಯಾಗಿನ ಊಟನೇ ಹೇಳ್ರಿ, ಓಟ್ಸ್ ಗೀಟ್ಸ್ ಬ್ಯಾಡ.

ಹಳೆಯ ಜಾಕಿಗಳ ರೂಢಿ ದಿನಕ್ಕೆ ಒಂದೇ ಊಟ. ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ವಿಲ್ಸನ್ ಅಂತ ಸಂಶೋಧಕರಿದ್ದರು. ಅವರೂ ಮುಂಚೆ ಜಾಕಿ. ಸಣ್ಣ ಸಣ್ಣ ಊಟ ಹಲವು ಸಲ, ಪ್ರೋಟೀನ್ ಜಾಸ್ತಿ, ಜೊತೆಗೆ ವ್ಯಾಯಾಮ ಮಾಡಿದರೆ ಬೆವರಿಳಿಸದೆಯೂ ಕೊಬ್ಬು ಇಳಿಯುತ್ತದೆ ಅಂತ ಜಾಕಿಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ನಮ್ಮಲ್ಲಿ ಅದು ಹೀಗೆ. ಬೆಳಗಿನ ಜಾವ ಕುದುರೆ ಹತ್ತುವ ಮುಂಚೆ ಒಂದು ಬಾಳೆಹಣ್ಣು, ನೀರು. ಇಳಿದ ಮೇಲೆ ಎರಡು ಮೊಟ್ಟೆ ಇಲ್ಲವೇ ಮೊಳಕೆ ಬಂದ ಹೆಸರುಕಾಳು, ಒಂದು ರೊಟ್ಟಿ. ಮಧ್ಯಾಹ್ನ ಎರಡು ರೊಟ್ಟಿ, ಗಟ್ಟಿ ತೊಗರಿಬೇಳೆ, ಪುಂಡಿ ಪಲ್ಲೆ, ಮೊಸರು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಗುರುತು, ಸಿಕ್ಕಿದೆ. 100 ಗ್ರಾಂ ಬೇಳೆಯಲ್ಲಿ 20 ಗ್ರಾಂ ಮೇಲೆ ಪ್ರೋಟೀನ್. ಅದನ್ನು ಬಿಟ್ಟು ಪ್ರೋಟೀನ್ ಪುಡಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಸಂಜೆ ಮಜ್ಜಿಗೆ, ಒಂದು ಹಣ್ಣು. ರಾತ್ರಿ ಬೇಗ, ಮಧ್ಯಾಹ್ನದ ಅರ್ಧ. ಎಣ್ಣೆಗಾಯಿ ವಾರಕ್ಕೊಮ್ಮೆ ಸಾಕು. ಮಾಲ್‌ಪುರಿಯನ್ನು ಸೀಸನ್ ಮುಗಿದ ಮೇಲೆ ತಿನ್ನಿ, ನಾನೂ ಆಗಲೇ ತಿನ್ನುತ್ತಿದ್ದೆ, ಒಂದೇ ಕೂತಾಟಕ್ಕೆ ಆರು.

ಇಳಿಸೋದಾದರೆ ವಾರಕ್ಕೆ ಅರ್ಧ ಕೆ.ಜಿ. ಸಾಕು. ಸೀಸನ್ ಶುರುವಾಗುವ ಎರಡು ತಿಂಗಳ ಮುಂಚೆಯೇ ಶುರು ಮಾಡಬೇಕು, ಓಟದ ಹಿಂದಿನ ದಿನ ಅಲ್ಲ.

ಚಹಾ, ಸಿಗರೇಟು, ಗುಟ್ಕಾ ಹಸಿವು ಕೊಲ್ತಾವಲ್ಲ?

ಹಸಿವನ್ನಷ್ಟೇ ಕೊಲ್ಲೋದಿಲ್ಲ. ಖಾಲಿ ಹೊಟ್ಟೆಗೆ ಆರು ಚಹಾ ಕುಡಿದರೆ ನಿದ್ದೆ ಹಾಳು, ಎದೆ ಉರಿ. ಚಹಾದಲ್ಲಿ ಸಕ್ಕರೆ ಇದ್ದರೆ ಕ್ಯಾಲರಿಯೂ ಬಂತು. ಗುಟ್ಕಾ ಬಗ್ಗೆ ನಾನು ಹೇಳೋದು ಬೇಡ, ನಮ್ಮ ಕಡೆ ಬಾಯಿ ಕ್ಯಾನ್ಸರ್ ಬಂದವರು ಇಲ್ಲದ ಓಣಿ ಯಾವುದು?

## ದೇಹದ ಒಳಗಿನ ಮಾತು

ಮಗ 14 ವರ್ಷದಾವ. ಉದ್ದ ಬೆಳೀಬಾರ್ದಂತ ಊಟ ಕಡಿಮಿ ಮಾಡೀವಿ. ಸರಿ ಅದ ಇಲ್ಲೋ?

ಸರಿ ಇಲ್ಲ. ಈ ಒಂದು ಪ್ರಶ್ನೆಗೆ ನಾನು ಮೆತ್ತಗೆ ಉತ್ತರ ಕೊಡೋದಿಲ್ಲ. ಇವತ್ತೇ ಮೊದಲಿನಂತೆ ಊಟ ಹಾಕಿ.

ಗಂಡುಮಕ್ಕಳು ಜೋರಾಗಿ ಬೆಳೆಯೋದು ಇದೇ ವಯಸ್ಸಲ್ಲಿ. ಊಟ ತಡೆದರೆ ಬೆಳವಣಿಗೆ ತಡವಾಗಬಹುದು, ರಕ್ತ ಕಡಿಮೆಯಾಗಬಹುದು, ಎಲುಬು ಟೊಳ್ಳಾಗಬಹುದು. ಮೈಯ ಎಲುಬಿನ ಗಟ್ಟಿತನದಲ್ಲಿ ನೂರಕ್ಕೆ ಸುಮಾರು 90 ಭಾಗ ಹುಡುಗಿಯರಿಗೆ 18, ಹುಡುಗರಿಗೆ 20 ವರ್ಷದ ಒಳಗೇ ಆಗಿಹೋಗುತ್ತದೆ. ಆ ವಯಸ್ಸಲ್ಲಿ ತುಂಬದೆ ಉಳಿದದ್ದನ್ನು ಆಮೇಲೆ ಪೂರ್ತಿ ತುಂಬಿಕೊಳ್ಳೋಕೆ ಆಗೋದಿಲ್ಲ.

ಮಗ ಎಷ್ಟು ಎತ್ತರ ಆಗಬಹುದು ಅಂತ ಅಂದಾಜಿಗೆ ಒಂದು ಲೆಕ್ಕ ಇದೆ. ಅಪ್ಪನ ಎತ್ತರ, ಅಮ್ಮನ ಎತ್ತರ ಸೆಂಟಿಮೀಟರಿನಲ್ಲಿ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಿ. ಮಗಳಿಗಾದರೆ 13 ಕಳೆಯಿರಿ. ಅದರ ಆಚೀಚೆ ಎಂಟೊಂಬತ್ತು ಸೆಂ.ಮೀ. ಇರಬಹುದು. ಅಪ್ಪ 176, ಅಮ್ಮ 162 ಇದ್ದರೆ ಮಗ 175ರ ಸುತ್ತ ಬರುತ್ತಾನೆ. ಅವನನ್ನು 50 ಕೆ.ಜಿ.ಯಲ್ಲಿ ಹಿಡಿದಿಡುವ ಆಸೆ ಬಿಡಿ. ಕುದುರೆ ಮೇಲೆ ಪ್ರೀತಿ ಇದ್ದರೆ ಸವಾರಿ ಕಲಿಯಲಿ, ಆಟವಾಗಿ.

ಬಿದ್ದಾಗೆಲ್ಲ ಕಾಲರ್ ಬೋನ್ ಮುರೀತದ. ತೂಕಕ್ಕೂ ಅದಕ್ಕೂ ಸಂಬಂಧ ಅದ ಏನು?

ಇದೆ. ಬೀಳೋದು ಜಾಕಿಯ ಕೆಲಸದಲ್ಲಿ ಇದ್ದದ್ದೇ. ಓಟದ ಹಿಂದೆಯೇ ಆಂಬುಲೆನ್ಸ್ ಓಡುವುದು ಅದಕ್ಕೇ. ಆದರೆ ಐರ್ಲೆಂಡಿನ ಜಾಕಿಗಳನ್ನು ಸ್ಕ್ಯಾನ್ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಲಿ ಹಾರದ ಸಪಾಟು ಓಟದ ಜಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಎಲುಬು ವಯಸ್ಸಿಗೆ ತಕ್ಕಷ್ಟು ಗಟ್ಟಿ ಇರಲಿಲ್ಲ. ಇಪ್ಪತ್ತರ ಹರೆಯದ ಗಂಡಸರ ಮಾತು ಇದು.

ಕಾರಣ ಒಂದಲ್ಲ. ಊಟ ಕಡಿಮೆ ಇದ್ದರೆ ದೇಹ ಮೊದಲು ಹಾರ್ಮೋನಿನ ಖರ್ಚು ಕಡಿಮೆ ಮಾಡುತ್ತದೆ, ಹಾರ್ಮೋನು ಇಳಿದರೆ ಎಲುಬು ಕಟ್ಟೋದು ನಿಲ್ಲುತ್ತದೆ. ತೂಕ ಏರುತ್ತದೆ ಅಂತ ಹಾಲು ಮೊಸರು ಬಿಟ್ಟಿರುತ್ತಾರೆ. ಸವಾರಿಯಲ್ಲಿ ಸ್ನಾಯುಗೆ ಕೆಲಸ ಇದೆ, ಎಲುಬಿಗೆ ಬೇಕಾದ ಕುಟ್ಟಾಟ ಕಡಿಮೆ. ಹಗ್ಗ ಜಿಗಿಯೋದು, ಓಟ, ಭಾರ ಎತ್ತೋದು ಮಾಡಿದರೆ ಎಲುಬಿಗೆ ಒಳ್ಳೆಯದು. ಭಾರ ಎತ್ತಿದರೆ ಮೈ ಬೆಳೆದುಬಿಡುತ್ತದೆ ಅಂತ ಹೆದರುತ್ತಾರೆ. ಊಟ ಅಳತೆಯಲ್ಲಿದ್ದರೆ ಹಾಗೆ ಉಬ್ಬೋದಿಲ್ಲ.

ಹುಡುಗೇರು ಜಾಕಿ ಆಗ್ಬಹುದಾ? ಅವ್ರಿಗೆ ಬೇರೆ ತೊಂದ್ರಿ ಅದಾವೇನು?

ಆಗಬಹುದು, ಆಗಿದ್ದಾರೆ. ಚೆನ್ನೈನ ರೂಪಾ ಸಿಂಗ್ ಭಾರತದ ಮೊದಲ ವೃತ್ತಿಪರ ಮಹಿಳಾ ಜಾಕಿ, ಗಂಡಸರ ಜೊತೆ ಓಡಿ ನೂರಾರು ಓಟ ಗೆದ್ದವರು. ತೂಕ ಇಳಿಸುವಾಗ ಹುಡುಗಿಯರಿಗೆ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸುತ್ತದೆ: ಮುಟ್ಟು ನಿಲ್ಲುತ್ತದೆ. ಮೂರು ತಿಂಗಳು ಬರಲಿಲ್ಲ ಅಂದರೆ ಆರಾಮಾಯ್ತು ಅಂದುಕೊಳ್ಳದೆ ಡಾಕ್ಟರ್ ಹತ್ತಿರ ಹೋಗಿ. ಹುಡುಗರಲ್ಲೂ ಒಳಗೆ ಅದೇ ನಡೆಯುತ್ತದೆ, ಹೊರಗೆ ಕಾಣೋದಿಲ್ಲ. ಬೆಳಗಿನ ನಿಮಿರುವಿಕೆ ನಿಂತಿದೆಯಾ ಅಂತ ಡಾಕ್ಟರ್ ಕೇಳಿದರೆ ನಾಚದೆ ಹೇಳಿ, ಅದೂ ಒಂದು ಲಕ್ಷಣ.

ತೂಕ ಇಳಿಸುವಾಗ ಅವನಿಗೆ ಸಿಟ್ಟು, ಅಳು ಜಾಸ್ತಿ. ಹಸಿವಿಂದ ಏನು?

ಹಸಿವಿನಿಂದಲೂ ಹೌದು, ನಿದ್ದೆಗೇಡಿನಿಂದಲೂ ಹೌದು. ಆದರೆ ಅಷ್ಟಕ್ಕೇ ಬಿಡಬೇಡಿ. ಇಂಗ್ಲೆಂಡಿನ ಫ್ರೆಡ್ ಆರ್ಚರ್ ಸತತ 13 ವರ್ಷ ಚಾಂಪಿಯನ್. 5 ಅಡಿ 10 ಇಂಚಿನ ಆಳು. ತೂಕ ಇಳಿಸೋಕೆ ಹೊಟ್ಟೆ ಖಾಲಿ ಮಾಡುವ ಕಷಾಯ ಕುಡಿಯುತ್ತಿದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. 1886ರ ಅಕ್ಟೋಬರಿನಲ್ಲಿ ಒಂದು ದೊಡ್ಡ ಓಟಕ್ಕಾಗಿ ಮೈ ಒಣಗಿಸಿಕೊಂಡ, ಕೂದಲೆಳೆಯಲ್ಲಿ ಸೋತ, ಮೇಲೆ ಜ್ವರ ಬಂತು. ನವೆಂಬರ್ 8ರಂದು ತನ್ನ ಜೀವ ತಾನೇ ತೆಗೆದುಕೊಂಡ. ವಯಸ್ಸು 29. ಒಂದೇ ಕಾರಣ ಹೇಳೋಕಾಗೋದಿಲ್ಲ. ಆದರೆ ದುಃಖ ತುಂಬಿದ ತಲೆಗೆ ಊಟವೂ ನೀರೂ ಇಲ್ಲದ ಮೈ ಆಸರೆ ಆಗೋದಿಲ್ಲ.

ಬದುಕು ಸಾಕು ಅನ್ನುವ ಮಾತು ಅವನ ಬಾಯಲ್ಲಿ ಬಂದರೆ ತೂಕದ ವಿಷಯ ಅಲ್ಲಿಗೇ ನಿಲ್ಲಿಸಿ, ಪಕ್ಕದಲ್ಲಿ ಕೂತು ಕೇಳಿ. 14416 ಟೆಲಿ ಮಾನಸ್ ನಂಬರ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ, ಸರ್ಕಾರದ್ದು, ದುಡ್ಡು ಇಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

## ಸ್ವಲ್ಪ ಆಳದ ಪ್ರಶ್ನೆಗಳು

ಕಡಿಮೆ ತಿನ್ನೋದಕ್ಕೂ ಒಂದು ಮಿತಿ ಇರುತ್ತಲ್ಲ, ಅದನ್ನ ಲೆಕ್ಕ ಹಾಕೋದು ಹೇಗೆ?

ಕ್ರೀಡಾ ವೈದ್ಯರು ಕೊಬ್ಬು ಕಳೆದು ಉಳಿದ ಮೈಯನ್ನು ಹಿಡಿದು ಲೆಕ್ಕ ಹಾಕುತ್ತಾರೆ. 52 ಕೆ.ಜಿ. ಹುಡುಗ, ಅದರಲ್ಲಿ ಕೊಬ್ಬು ನೂರಕ್ಕೆ 10 ಅಂದರೆ ಉಳಿದದ್ದು ಸುಮಾರು 47. ವ್ಯಾಯಾಮಕ್ಕೆ ಹೋದದ್ದನ್ನು ಕಳೆದ ಮೇಲೆ ಪ್ರತಿ ಕೆ.ಜಿ.ಗೆ 45 ಕ್ಯಾಲರಿ ಉಳಿದರೆ ಚೆನ್ನ. 30ಕ್ಕಿಂತ ಕೆಳಗೆ ಹೋದರೆ ದೇಹ ಒಂದೊಂದೇ ಅಂಗಡಿ ಮುಚ್ಚೋಕೆ ಶುರು ಮಾಡುತ್ತದೆ: ಮೊದಲು ಹಾರ್ಮೋನು, ಆಮೇಲೆ ಎಲುಬು, ರೋಗ ತಡೆಯುವ ಶಕ್ತಿ. ನಮ್ಮ ಹುಡುಗನಿಗೆ ಆ ಕೆಳಗೆರೆ ಸುಮಾರು 1,400. ಬೆಳಗಿನ ಸವಾರಿ, ಓಟಕ್ಕೆ 450 ಹೋಯಿತು ಅಂದರೆ ದಿನಕ್ಕೆ 1,850ಕ್ಕಿಂತ ಕಡಿಮೆ ತಿಂದರೆ ಅಪಾಯದ ಕಡೆ ಇದ್ದಾನೆ. ನಾನು ಆ ಏಪ್ರಿಲ್‌ನಲ್ಲಿ ತಿಂದಿದ್ದು ಸಾವಿರವೂ ಇರಲಿಲ್ಲ.

ಡಾಕ್ಟರ್ ಹತ್ತಿರ ಹೋದರೆ ಯಾವ ಟೆಸ್ಟ್ ಕೇಳಬೇಕು?

ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಕಬ್ಬಿಣ, ವಿಟಮಿನ್ ಡಿ, ಕಿಡ್ನಿ ನೋಡುವ ಕ್ರಿಯಾಟಿನಿನ್, ಸೋಡಿಯಂ ಪೊಟ್ಯಾಸಿಯಂ. ತಲೆ ಸುತ್ತಿ ಬಿದ್ದಿದ್ದರೆ ಇಸಿಜಿ. ಎಲುಬು ಎರಡು ಸಲ ಮುರಿದಿದ್ದರೆ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಕೇಳಿ. ದಿನಾ ಮನೆಯಲ್ಲೇ ಮಾಡುವ ಟೆಸ್ಟ್ ಮೂತ್ರದ ಬಣ್ಣ: ತಿಳಿ ನಿಂಬೆ ಶರಬತ್ತಿನ ಹಾಗಿದ್ದರೆ ಸರಿ, ಕಡಕ್ ಕರಿ ಚಹಾದ ಹಾಗಿದ್ದರೆ ಕುದುರೆ ಹತ್ತಬೇಡಿ. ಮುಖ್ಯವಾದ ಮಾತು, ತೂಕ ಇಳಿಸುತ್ತಿರೋದನ್ನು ಡಾಕ್ಟರಿಗೆ ಹೇಳಿ. ನಾನು ಎರಡು ಸಲ ಮುಚ್ಚಿಟ್ಟೆ. ಎರಡೂ ಸಲ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು.

ತೂಕದ ಮಿತಿಯನ್ನೇ ಏರಿಸಿಬಿಟ್ರೆ ಮುಗೀತಲ್ಲ? ಯಾಕೆ ಏರಿಸಲ್ಲ?

ಏರಿಸಿದ್ದಾರೆ, ಬ್ರಿಟನ್ ಸೇರಿ ಹಲವು ಕಡೆ, ಅಷ್ಟಷ್ಟೇ. ಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಎತ್ತರ ಆಗುತ್ತಿದ್ದಾರೆ, ತೂಕದ ಪಟ್ಟಿ ಅದಕ್ಕಿಂತ ನಿಧಾನ. ಭಾರ ಜಾಸ್ತಿಯಾದರೆ ಕುದುರೆ ಕಾಲಿಗೆ ಪೆಟ್ಟು ಅಂತ ಮಾಲೀಕರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಇನ್ನೊಂದು ವಾದವೂ ಇದೆ: ಎರಡು ಕೆ.ಜಿ. ಏರಿಸಿದರೆ ಇನ್ನೂ ಎರಡು ಕೆ.ಜಿ. ದಪ್ಪದ ಹುಡುಗರು ಬಂದು ಅವರೂ ಹಾಗೇ ಒಣಗುತ್ತಾರೆ ಅಂತ. ಅದಕ್ಕೇ ನನ್ನ ಪ್ರಕಾರ ತೂಕದ ಜೊತೆ ಮೂತ್ರವನ್ನೂ ನೋಡಬೇಕು. ನೀರಿಲ್ಲದ ಮೈ 52 ತೋರಿಸಿದರೆ ಅದನ್ನು 52 ಅಂತ ಒಪ್ಪಿಕೊಳ್ಳಬಾರದು. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಪೈಲ್ವಾನರ ತೂಕದ ವರ್ಗ ಗೊತ್ತು ಮಾಡುವಾಗ ಹೀಗೇ ಮೂತ್ರ ನೋಡುತ್ತಾರೆ. 1997ರಲ್ಲಿ ಮೂವರು ಹುಡುಗರು ತೂಕ ಇಳಿಸುವಾಗ ಸತ್ತ ಮೇಲೆ ತಂದ ನಿಯಮ ಅದು.

ತೂಕ ತಡೀಲಿಲ್ಲ ಅಂದ್ರ ಮುಂದ ಏನ್ ಮಾಡ್ಬೇಕು? ಊರಿಗೆ ಬರ್ಲಾಕ ನಾಚಿಕಿ ಆಗ್ತದ.

ಲಾಯದಲ್ಲಿ 60 ಕೆ.ಜಿ. ಮೇಲಿನವರಿಗೂ ಕೆಲಸ ಇದೆ. ಬೆಳಗಿನ ಓಟಕ್ಕೆ ರೈಡರ್ ಬೇಕು, ಅಲ್ಲಿ ತೂಕಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಲಾಳ ಹೊಡೆಯುವವರಿಗೆ ಯಾವಾಗಲೂ ಬೇಡಿಕೆ. ಹೆಡ್ ಸೈಸ್, ಸಹಾಯಕ ಟ್ರೈನರ್, ಕುದುರೆ ಆಸ್ಪತ್ರೆಯ ಸಹಾಯಕ, ಸವಾರಿ ಶಾಲೆಯ ಮೇಷ್ಟ್ರು. ಓದು ನಿಲ್ಲಿಸಿದವರು ಮುಕ್ತ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿಕೊಳ್ಳಲಿ, ಸೀಸನ್ ಇಲ್ಲದ ತಿಂಗಳಲ್ಲಿ ಓದೋಕೆ ಸಮಯ ಸಿಗುತ್ತದೆ.

ನಾಚಿಕೆ ನನಗೂ ಆಗಿತ್ತು. ರಾತ್ರಿ ಬಸ್ಸಿಗೆ ಬಂದು, ಕತ್ತಲಲ್ಲೇ ಮನೆ ಸೇರಿದೆ. ಅವ್ವ ಏನೂ ಕೇಳಲಿಲ್ಲ. ಒಲೆ ಹಚ್ಚಿ ರೊಟ್ಟಿ ಬಡಿದಳು. ಒಂದು ತಿಂದು ಕೈ ತೊಳೆಯೋಕೆ ಎದ್ದೆ, ರೂಢಿ. ತಟ್ಟೆಗೆ ಇನ್ನೊಂದು ಹಾಕಿ ಕೂಡು ಅಂದಳು. ಈಗ 68 ಕೆ.ಜಿ. ಇದ್ದೇನೆ. ಜಿಮ್ಮಿನ ತೂಕದ ಮಷೀನನ್ನು ಬಾಗಿಲ ಹತ್ತಿರ ಇಟ್ಟಿಲ್ಲ, ಒಳಗೆ ಮೂಲೆಯಲ್ಲಿಟ್ಟಿದ್ದೇನೆ, ಮೇಲೊಂದು ಟವಲ್ ಹಾಕಿ.